ದುಃಖವಿಲ್ಲದೆ ಬರುವ ಅಳು: ಹಾಗಾದರೆ ಭಾವನೆ ಮಿದುಳಿನಲ್ಲಿ ಹುಟ್ಟುವುದು ಹೇಗೆ?

ಪ್ರಶ್ನೆ | ಬರೆದವರು: ಇಬ್ಬನಿ

ನಾಲ್ಕು ತಿಂಗಳ ಹಿಂದೆ ನನ್ನ ತಂದೆಗೆ ಪಾರ್ಶ್ವವಾಯು ಬಡಿಯಿತು. ಬಲಗೈ ಮತ್ತು ಬಲಗಾಲಿಗೆ ಶಕ್ತಿ ನಿಧಾನವಾಗಿ ಮರಳುತ್ತಿದೆ, ಮಾತು ತುಸು ತೊದಲಿದರೂ ಅರ್ಥವಾಗುತ್ತದೆ, ನೆನಪಿಗೆ ಧಕ್ಕೆಯಾಗಿಲ್ಲ. ಆದರೆ ಆಸ್ಪತ್ರೆಯಿಂದ ಮನೆಗೆ ಬಂದ ಎರಡನೆಯ ವಾರದಿಂದ ಹಿಂದೆಂದೂ ಇಲ್ಲದ ಒಂದು ಸಂಗತಿ ಕಾಣಿಸಿಕೊಂಡಿದೆ. ಯಾರಾದರೂ ಒಳಗೆ ಬಂದು ಹೇಗಿದ್ದೀರಿ ಎಂದು ವಿಚಾರಿಸಿದರೆ ಸಾಕು, ಅವರ ಮುಖ ಕುಗ್ಗುತ್ತದೆ, ಗಂಟಲು ಬಿಗಿಯುತ್ತದೆ, ಬಿಕ್ಕಿ ಬಿಕ್ಕಿ ಅಳತೊಡಗುತ್ತಾರೆ. ಒಂದು ನಿಮಿಷ ಕಳೆಯುವುದರೊಳಗೆ ಅಳು ಬಂದಂತೆಯೇ ನಿಂತುಹೋಗುತ್ತದೆ; ಕಣ್ಣೊರೆಸಿಕೊಂಡು, ಮಾತು ಎಲ್ಲಿ ಕಡಿದಿತ್ತೋ ಅಲ್ಲಿಂದಲೇ ಮುಂದುವರಿಸುತ್ತಾರೆ. ಎರಡು ಸಲ ಇದೇ ಬಗೆಯಲ್ಲಿ ನಗುವೂ ಬಂದಿದೆ. ಅದರಲ್ಲಿ ಒಂದು ಸಲ ಬಂದದ್ದು ಹಳೆಯ ಸ್ನೇಹಿತರೊಬ್ಬರ ಸಾವಿನ ಸುದ್ದಿ ಕೇಳುತ್ತಿದ್ದಾಗ. ಅದಾದ ಮೇಲೆ ಅವರು ಎರಡು ದಿನ ಯಾರ ಮುಖವನ್ನೂ ನೋಡಲಿಲ್ಲ.

ಅಮ್ಮನಿಗೆ ಇದು ಒಳಗೊಳಗೇ ಕೊರೆಯುತ್ತಿರುವ ದುಃಖವೆಂದೇ ಅನ್ನಿಸಿದೆ. ನೋಡಲು ಬರುತ್ತಿದ್ದವರು ತಮ್ಮಿಂದ ಅವರಿಗೆ ನೋವಾಗುತ್ತಿದೆಯೆಂದು ಭಾವಿಸಿ ಬರುವುದನ್ನು ಕಡಿಮೆ ಮಾಡಿದ್ದಾರೆ. ನಾನು ಒಂದು ಸಂಜೆ ನೇರವಾಗಿ ಕೇಳಿದೆ. "ನನಗೆ ಆಗ ದುಃಖವೇನೂ ಆಗಿರುವುದಿಲ್ಲ, ಅಳು ತಾನಾಗಿ ಬಂದುಬಿಡುತ್ತದೆ" ಎಂದರು ಅಪ್ಪ. ವೈದ್ಯರಿಗೆ ಇದನ್ನು ತಿಳಿಸಿದಾಗ ಅವರು "ಇದು ಮನಸ್ಸಿನದಲ್ಲ, ಮಿದುಳಿನದು" ಎಂಬ ಒಂದೇ ವಾಕ್ಯ ಹೇಳಿ ಮುಂದಿನ ರೋಗಿಯನ್ನು ಕರೆದರು.

ಆ ವಾಕ್ಯ ನನ್ನನ್ನು ಬಿಟ್ಟಿಲ್ಲ. ನನಗೆ ಎರಡು ವಿಷಯ ತಿಳಿಯಬೇಕಾಗಿದೆ. ದುಃಖವೇ ಇಲ್ಲದೆ ಅಳು ಬರಲು ನಿಜವಾಗಿಯೂ ಸಾಧ್ಯವೇ, ಅಥವಾ ಅಪ್ಪ ನಮ್ಮನ್ನು ಸಮಾಧಾನಪಡಿಸಲು ಹಾಗೆ ಹೇಳುತ್ತಿದ್ದಾರೆಯೇ? ಸಾಧ್ಯವೆಂದಾದರೆ, ಅವರು ಕುಸಿದು ಬಿದ್ದ ಆ ಬೆಳಿಗ್ಗೆ ನನಗಾದ ಭಯ ಮತ್ತು ಸಂಕಟ ಕೂಡ ಕೇವಲ ನರಗಳ ಚಟುವಟಿಕೆಯೇ? ಮಿದುಳಿನದು ಮತ್ತು ಮನಸ್ಸಿನದು ಎಂಬ ಗೆರೆಯನ್ನು ಎಲ್ಲಿ ಎಳೆಯುತ್ತಾರೆ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಉತ್ತರ 1 | ಬರೆದವರು: ನರತಂತು

ನಾನು ವೈದ್ಯಕೀಯ ವಿದ್ಯಾರ್ಥಿಗಳಿಗೆ ಶರೀರಕ್ರಿಯಾಶಾಸ್ತ್ರವನ್ನು ಕಲಿಸುವವನು, ಚಿಕಿತ್ಸೆ ನೀಡುವ ವೈದ್ಯನಲ್ಲ. ಆದುದರಿಂದ ನಿಮ್ಮ ತಂದೆಯವರ ರೋಗನಿರ್ಣಯವನ್ನು ನಾನು ಮಾಡಲಾರೆ. ಆದರೆ ನಿಮ್ಮ ಮೊದಲ ಪ್ರಶ್ನೆಗೆ ನಿಸ್ಸಂದೇಹವಾಗಿ ಉತ್ತರಿಸಬಲ್ಲೆ. ದುಃಖವಿಲ್ಲದೆ ಅಳು ಬರಲು ಸಾಧ್ಯ, ತಂದೆಯವರ ಮಾತನ್ನು ದಯವಿಟ್ಟು ನಂಬಿ. ನೀವು ವಿವರಿಸಿರುವ ಚಿತ್ರ, ಅಂದರೆ ಸಣ್ಣ ಪ್ರಚೋದನೆಗೆ ಥಟ್ಟನೆ ಬರುವ, ತಡೆಯಲಾಗದ, ಸ್ವಲ್ಪ ಹೊತ್ತಿನಲ್ಲೇ ನಿಂತುಹೋಗುವ, ಒಳಗಿನ ಭಾವಕ್ಕೆ ಹೊಂದದ ಅಳು ಅಥವಾ ನಗು, ನರವಿಜ್ಞಾನಕ್ಕೆ ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಪರಿಚಿತವಾದದ್ದು. ಅದನ್ನು ಈಗ ಸ್ಯೂಡೋಬಲ್ಬಾರ್ ಅಫೆಕ್ಟ್ ಎಂದು ಕರೆಯುತ್ತಾರೆ. ಪಾರ್ಶ್ವವಾಯುವಿನ ನಂತರ ಮಾತ್ರವಲ್ಲದೆ ತಲೆಗೆ ಪೆಟ್ಟಾದಾಗ, ನರತಂತುಗಳ ಹೊದಿಕೆ ಹಾಳಾಗುವ ಮಲ್ಟಿಪಲ್ ಸ್ಕ್ಲೆರೋಸಿಸ್‌ನಲ್ಲಿ, ಸ್ನಾಯುಗಳನ್ನು ನಡೆಸುವ ನರಕೋಶಗಳು ನಶಿಸುವ ಎಎಲ್ಎಸ್ ಕಾಯಿಲೆಯಲ್ಲಿಯೂ ಇದು ಕಾಣುತ್ತದೆ.

ಇದು ಹೇಗೆ ಸಾಧ್ಯವೆಂದು ತಿಳಿಯಬೇಕಾದರೆ 'ಭಾವನೆ' ಎಂಬ ಒಂದೇ ಪದದೊಳಗೆ ನಾವು ಮೂರು ಸಂಗತಿಗಳನ್ನು ತುಂಬಿಟ್ಟಿದ್ದೇವೆ ಎಂಬುದನ್ನು ಗಮನಿಸಬೇಕು. ಮುಖ, ದನಿ, ಉಸಿರುಗಳಲ್ಲಿ ಹೊರಗೆ ಕಾಣುವ ಅಭಿವ್ಯಕ್ತಿ ಒಂದು. ಎದೆಬಡಿತ, ಬೆವರು, ಹಾರ್ಮೋನುಗಳಲ್ಲಿ ಒಳಗೆ ನಡೆಯುವ ಬದಲಾವಣೆ ಇನ್ನೊಂದು. ನಮಗೆ ಮಾತ್ರ ಗೊತ್ತಾಗುವ ಅನುಭವ ಮೂರನೆಯದು. ಆರೋಗ್ಯವಂತರಲ್ಲಿ ಇವು ಎಷ್ಟು ಒಟ್ಟೊಟ್ಟಿಗೆ ಸಾಗುತ್ತವೆಂದರೆ, ಬೇರೆ ಬೇರೆಯೆಂಬ ಅನುಮಾನವೂ ಬಾರದು. ಮಿದುಳಿನ ಒಂದು ದಾರಿ ಕಡಿದುಹೋದಾಗ ಮಾತ್ರ ಅವು ಬೇರ್ಪಟ್ಟು ಕಾಣುತ್ತವೆ.

ಅಳುವುದನ್ನೇ ತೆಗೆದುಕೊಳ್ಳಿ. ಮುಖದ ಹತ್ತಾರು ಸ್ನಾಯುಗಳು ಒಂದು ನಿರ್ದಿಷ್ಟ ವಿನ್ಯಾಸದಲ್ಲಿ ಸೆಳೆದುಕೊಳ್ಳಬೇಕು, ಧ್ವನಿಪೆಟ್ಟಿಗೆ ಬಿಗಿಯಬೇಕು, ಎದೆ ಮತ್ತು ಹೊಟ್ಟೆಯ ನಡುವಿನ ಉಸಿರಾಟದ ಸ್ನಾಯುವಾದ ವಪೆ ತುಂಡು ತುಂಡಾಗಿ ಉಸಿರು ಎಳೆಯಬೇಕು, ಕಣ್ಣೀರಿನ ಗ್ರಂಥಿ ಸ್ರವಿಸಬೇಕು, ಇವೆಲ್ಲವೂ ಒಂದೇ ತಾಳದಲ್ಲಿ ನಡೆಯಬೇಕು. ಇಷ್ಟೆಲ್ಲವನ್ನೂ ಯಾರೂ ಯೋಚಿಸಿ ಮಾಡುವುದಿಲ್ಲ. ಇದರ ಸಿದ್ಧ ವಿನ್ಯಾಸ ಮಿದುಳಿನ ಕಾಂಡದಲ್ಲಿ, ಅಂದರೆ ಮಿದುಳು ಬೆನ್ನುಹುರಿಗೆ ಕೂಡುವ ಭಾಗದಲ್ಲಿದೆ. ಹುಟ್ಟಿದ ಕೂಸು ಕಲಿಯದೆಯೇ ಅಳುವುದು ಅದರಿಂದಲೇ. ಅದರ ಮೇಲೆ, ಹಣೆಯ ಹಿಂಭಾಗದ ಮಿದುಳ ತೊಗಟೆಯಿಂದ ಇಳಿದು ಬರುವ ನರತಂತುಗಳು ಹಿಡಿತ ಇಟ್ಟುಕೊಂಡಿರುತ್ತವೆ: ಈಗ ಬೇಡ, ಇಲ್ಲಿ ಬೇಡ, ಇಷ್ಟು ಸಾಕು ಎಂದು. ಈ ಇಳಿದಾರಿಗಳಿಗೆ ರಕ್ತ ನಿಂತು ಪೆಟ್ಟಾದರೆ ಕಾಂಡದಲ್ಲಿರುವ ಅಳುವಿನ ವಿನ್ಯಾಸ ಕಡಿವಾಣವಿಲ್ಲದೆ ಉಳಿಯುತ್ತದೆ. ಬ್ರಿಟಿಷ್ ನರವೈದ್ಯ ಕಿನ್ನಿಯರ್ ವಿಲ್ಸನ್ 1924ರಲ್ಲಿಯೇ ಈ ದಿಕ್ಕಿನ ವಿವರಣೆಯನ್ನು ಮುಂದಿಟ್ಟಿದ್ದರು. 2001ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದಕ್ಕೆ ಕಿರುಮಿದುಳನ್ನೂ ಸೇರಿಸಿತು. ಸಂದರ್ಭಕ್ಕೆ ತಕ್ಕಂತೆ ಅಳು ನಗುಗಳ ಪ್ರಮಾಣವನ್ನು ಹೊಂದಿಸುವ ಕೆಲಸ ಅದರದು, ತೊಗಟೆಯಿಂದ ಅದಕ್ಕೆ ಮಾಹಿತಿ ತಲಪುವ ದಾರಿ ಹಾಳಾದರೆ ಸನ್ನಿವೇಶಕ್ಕೂ ಪ್ರತಿಕ್ರಿಯೆಗೂ ಹೊಂದಾಣಿಕೆ ತಪ್ಪುತ್ತದೆ ಎಂಬುದು ಅದರ ವಾದ. ಸಾವಿನ ಸುದ್ದಿಗೆ ನಗು ಬಂದದ್ದನ್ನು ಇದು ಚೆನ್ನಾಗಿ ವಿವರಿಸುತ್ತದೆಂದು ನನಗನ್ನಿಸುತ್ತದೆ. ತಂದೆಯವರು ಅದಕ್ಕಾಗಿ ನಾಚಿಕೊಳ್ಳಬೇಕಾದದ್ದು ಏನೂ ಇಲ್ಲ.

ಮುಖವನ್ನು ಇಚ್ಛೆಯಿಂದ ಚಲಿಸುವ ದಾರಿ ಮತ್ತು ಭಾವದಿಂದ ಚಲಿಸುವ ದಾರಿ ಬೇರೆಯೆಂಬುದನ್ನು ನರವೈದ್ಯರು ದಿನನಿತ್ಯ ಕಾಣುತ್ತಾರೆ. ಪಾರ್ಶ್ವವಾಯುವಾದ ಕೆಲವರಿಗೆ "ಹಲ್ಲು ತೋರಿಸಿ" ಎಂದರೆ ಮುಖದ ಒಂದು ಬದಿ ಮಾತ್ರ ಚಲಿಸುತ್ತದೆ. ಅದೇ ವ್ಯಕ್ತಿಗೆ ನಿಜವಾಗಿ ನಗು ಬಂದಾಗ ಎರಡೂ ಬದಿ ಸಮವಾಗಿ ಅರಳುತ್ತವೆ. ಇನ್ನು ಕೆಲವರಲ್ಲಿ ಇದು ತಿರುಗುಮುರುಗು: ಹೇಳಿದಾಗ ನಗಬಲ್ಲರು, ಸಂತೋಷವಾದಾಗ ಒಂದು ಬದಿ ಸ್ತಬ್ಧವಾಗಿರುತ್ತದೆ. ಇಚ್ಛೆಯ ಆಜ್ಞೆ ಮತ್ತು ಭಾವದ ಆಜ್ಞೆ ಎರಡೂ ಕೊನೆಗೆ ಅದೇ ಮುಖದ ನರವನ್ನು ಸೇರಿದರೂ, ಅಲ್ಲಿಗೆ ಬರುವ ದಾರಿ ಒಂದೇ ಅಲ್ಲ.

ನಿಮ್ಮ ಎರಡನೆಯ ಪ್ರಶ್ನೆ ಹೆಚ್ಚು ಆಳವಾದದ್ದು. ಅದಕ್ಕೆ ಎರಡು ಘಟನೆಗಳನ್ನು ಮಾತ್ರ ಹೇಳಿ ನಿಲ್ಲಿಸುತ್ತೇನೆ. 1998ರಲ್ಲಿ ವರದಿಯಾದಂತೆ, ಅಪಸ್ಮಾರದ ಶಸ್ತ್ರಚಿಕಿತ್ಸೆಗೆ ಸಿದ್ಧಳಾಗುತ್ತಿದ್ದ 16 ವರ್ಷದ ಹುಡುಗಿಯ ಮಿದುಳಿನ ಎಡ ಮುಂಭಾಗದ ಒಂದು ಚಿಕ್ಕ ತಾಣಕ್ಕೆ ವಿದ್ಯುತ್ ಸ್ಪರ್ಶ ನೀಡಿದಾಗ ಆಕೆ ಮುಗುಳ್ನಕ್ಕಳು. ವಿದ್ಯುತ್ತನ್ನು ಹೆಚ್ಚಿಸಿದಾಗ ಗಟ್ಟಿಯಾಗಿ ನಕ್ಕಳು, ಮತ್ತು ಆಕೆಗೆ ನಿಜವಾಗಿಯೂ ಮೋಜೆನಿಸಿತು. ಏಕೆ ನಕ್ಕೆ ಎಂದು ಕೇಳಿದರೆ ಪ್ರತಿ ಸಲವೂ ಆ ಕ್ಷಣ ಎದುರಿಗಿದ್ದ ಯಾವುದನ್ನಾದರೂ ಕಾರಣವಾಗಿ ತೋರಿಸಿದಳು, ಸುತ್ತ ನಿಂತಿದ್ದ ವೈದ್ಯರನ್ನೂ ಬಿಡಲಿಲ್ಲ. 1999ರ ವರದಿಯೊಂದರಲ್ಲಿ, ಪಾರ್ಕಿನ್ಸನ್ ಕಾಯಿಲೆಯ 65 ವರ್ಷದ ಮಹಿಳೆಯ ಮಿದುಳಿನ ಆಳದ ಒಂದು ಬಿಂದುವಿಗೆ ವಿದ್ಯುತ್ ಹರಿಸಿದ ಕೆಲವೇ ಸೆಕೆಂಡುಗಳಲ್ಲಿ ಆಕೆ ಅಳತೊಡಗಿ, ಬದುಕುವುದೇ ಬೇಡವೆಂಬಷ್ಟು ನಿರಾಶೆಗೆ ಇಳಿದರು. ವಿದ್ಯುತ್ ನಿಲ್ಲಿಸಿದ ಒಂದೂವರೆ ನಿಮಿಷದೊಳಗೆ ಅದು ಮಾಯವಾಯಿತು. ನಿಮ್ಮ ತಂದೆಯವರಲ್ಲಿ ಅಳು ಇದೆ, ದುಃಖವಿಲ್ಲ. ಆ ಮಹಿಳೆಯಲ್ಲಿ ಅಳುವಿನೊಂದಿಗೆ ನಿಜವಾದ ದುಃಖವೂ ಇತ್ತು, ಆದರೆ ದುಃಖಿಸಲು ಯಾವ ಘಟನೆಯೂ ಇರಲಿಲ್ಲ. ಎಂದಮೇಲೆ ಅಳುವಿನಂತೆ ಅನುಭವವೂ ನರಜಾಲಗಳಲ್ಲಿಯೇ ನಡೆಯುತ್ತದೆ, ಆದರೆ ಬೇರೆ ಜಾಲಗಳಲ್ಲಿ. ಹೀಗಾಗಿ 'ಮನಸ್ಸಿನದಲ್ಲ, ಮಿದುಳಿನದು' ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ವೈದ್ಯರು ಹೇಳಲು ಹೊರಟದ್ದು ಬಹುಶಃ 'ಇದು ದುಃಖದ ಅಳುವಲ್ಲ' ಎಂದಿರಬೇಕು.

ಉತ್ತರ 2 | ಬರೆದವರು: ಆರೈಕೆ

ನಾನು ಹನ್ನೊಂದು ವರ್ಷಗಳಿಂದ ಪಾರ್ಶ್ವವಾಯು ಪೀಡಿತರ ಶುಶ್ರೂಷೆಯಲ್ಲಿದ್ದೇನೆ. ಮೇಲಿನವರು ತತ್ತ್ವವನ್ನು ವಿವರಿಸಿದ್ದಾರೆ. ಮನೆಯವರಿಗೆ ನಿತ್ಯ ಬೇಕಾಗುವ ಕೆಲವು ಮಾತುಗಳನ್ನು ನಾನು ಸೇರಿಸಬಯಸುತ್ತೇನೆ.

ಎಲ್ಲಕ್ಕಿಂತ ಮುಖ್ಯವಾಗಿ, ಈ ಅಳುವನ್ನೂ ಖಿನ್ನತೆಯನ್ನೂ ಬೇರೆ ಮಾಡಿ ನೋಡಬೇಕು, ಆದರೆ ಒಂದು ಇದ್ದರೆ ಇನ್ನೊಂದು ಇಲ್ಲವೆಂದು ತಿಳಿಯಬಾರದು. ಪಾರ್ಶ್ವವಾಯುವಾದವರಲ್ಲಿ ಸುಮಾರು ಮೂರರಲ್ಲೊಬ್ಬರು ಒಂದಲ್ಲ ಒಂದು ಹಂತದಲ್ಲಿ ಖಿನ್ನತೆಗೆ ಒಳಗಾಗುತ್ತಾರೆ, ಮತ್ತು ಎರಡೂ ಒಟ್ಟಿಗೆ ಇರುವವರನ್ನು ನಾನು ಬಹಳ ಮಂದಿ ಕಂಡಿದ್ದೇನೆ. ಅಳು ಸೆಕೆಂಡುಗಳಿಂದ ಕೆಲವು ನಿಮಿಷಗಳಲ್ಲಿ ಮುಗಿದು, ಅದರ ಹಿಂದೆ ಮುಂದೆ ವ್ಯಕ್ತಿ ಎಂದಿನಂತಿದ್ದರೆ ಅದು ಕಡಿವಾಣ ತಪ್ಪಿದ ಅಳು. ಆಸಕ್ತಿ ಬತ್ತಿ, ನಿದ್ರೆ ಹಸಿವು ಕೆಟ್ಟು, ವಾರಗಟ್ಟಲೆ ಮಂಕು ಕವಿದು, ವ್ಯಾಯಾಮಕ್ಕೆ ಏಳಲೂ ಮನಸ್ಸು ಬಾರದಿದ್ದರೆ, ಅಳು ಇರಲಿ ಬಿಡಲಿ, ಅದನ್ನು ಖಿನ್ನತೆಯೆಂದು ಶಂಕಿಸಿ ವೈದ್ಯರಿಗೆ ತಿಳಿಸಲೇಬೇಕು. ಎರಡಕ್ಕೂ ಚಿಕಿತ್ಸೆಯಿದೆ. ಖಿನ್ನತೆಗೆ ಕೊಡುವ ಔಷಧಗಳಲ್ಲಿ ಕೆಲವನ್ನು ಈ ಅಳುವಿಗೂ ಕೊಡುತ್ತಾರೆ. ಇದಕ್ಕೆಂದೇ ರೂಪಿಸಿದ, ಡೆಕ್ಸ್ಟ್ರೋಮೆಥಾರ್ಫಾನ್ ಮತ್ತು ಕ್ವಿನಿಡಿನ್ ಸೇರಿದ ಔಷಧಕ್ಕೆ ಅಮೆರಿಕದಲ್ಲಿ 2010ರಲ್ಲಿ ಅನುಮೋದನೆ ಸಿಕ್ಕಿತು. ಯಾವುದು ಯಾರಿಗೆ ಹೊಂದುತ್ತದೆಂಬುದನ್ನು ಹೃದಯದ ಸ್ಥಿತಿ ಮತ್ತು ಇತರ ಮಾತ್ರೆಗಳನ್ನು ನೋಡಿ ನರರೋಗ ತಜ್ಞರೇ ತೀರ್ಮಾನಿಸಬೇಕು, ನಾವಾಗಿ ಆರಂಭಿಸುವಂಥದ್ದಲ್ಲ.

ಅಳು ಬಂದ ಕ್ಷಣದಲ್ಲಿ ನಾವು ಮಾಡುವ ಸಮಾಧಾನವೇ ಅದನ್ನು ಹೆಚ್ಚಿಸುವುದುಂಟು. ಎಲ್ಲರೂ ಸುತ್ತುವರಿದು, ಕೈ ಹಿಡಿದು, ಏಕೆ ಅಳುತ್ತೀರಿ ಎಂದು ಪದೇ ಪದೇ ಕೇಳಿದರೆ ಅವರು ಇಲ್ಲದ ಕಾರಣವನ್ನು ಹುಡುಕಬೇಕಾಗುತ್ತದೆ. ಬದಲಾಗಿ ಮಾತನ್ನು ಸಹಜವಾಗಿ ಮುಂದುವರಿಸಿ, ಕುಳಿತ ಭಂಗಿಯನ್ನು ಬದಲಿಸಲು ಹೇಳಿ, ನಿಧಾನವಾಗಿ ದೀರ್ಘ ಉಸಿರು ಬಿಡಲು ನೆನಪಿಸಿ, ಗಮನವನ್ನು ಕಿಟಕಿಯಾಚೆಗಿನ ಯಾವುದಾದರೂ ವಸ್ತುವಿನ ಕಡೆಗೆ ತಿರುಗಿಸಿ. ಬರುವವರಿಗೆ ಮೊದಲೇ ಒಂದು ಮಾತು ತಿಳಿಸಿಬಿಡಿ. ಬಂಧುಗಳು ಬರುವುದನ್ನು ನಿಲ್ಲಿಸುವುದು ಈ ತೊಂದರೆಯ ಅತ್ಯಂತ ಕ್ರೂರವಾದ ಪರಿಣಾಮವೆಂದು ನಾನು ಬಲವಾಗಿ ನಂಬಿದ್ದೇನೆ. ಅಳುವಿನಿಂದಲ್ಲದೆ ಆ ಒಂಟಿತನದಿಂದಲೇ ಖಿನ್ನತೆಗೆ ಜಾರಿದವರನ್ನು ನೋಡಿದ್ದೇನೆ.

ಉತ್ತರ 3 | ಬರೆದವರು: ಮರುಓದು

ಮೊದಲ ಉತ್ತರ ಬಹಳ ಉಪಯುಕ್ತವಾಗಿದೆ. ಆದರೂ ಅಭಿವ್ಯಕ್ತಿ, ದೇಹದ ಬದಲಾವಣೆ, ಅನುಭವ ಎಂಬ ಮೂರು ಭಾಗಗಳನ್ನು ಅಷ್ಟು ಸಲೀಸಾಗಿ ಬಿಡಿಸಿಡಬಹುದೆಂಬ ಬಗ್ಗೆ ನನಗೆ ಆಕ್ಷೇಪವಿದೆ. ಮನೋವಿಜ್ಞಾನದ ಇತಿಹಾಸ ನನ್ನ ಅಧ್ಯಯನದ ವಿಷಯ, ಮತ್ತು ಆ ಇತಿಹಾಸದ ದೊಡ್ಡ ಜಗಳಗಳಲ್ಲೊಂದು ಇದೇ ಸ್ಥಳದಲ್ಲಿ ನಡೆದಿದೆ.

1884ರಲ್ಲಿ ಅಮೆರಿಕದ ಮನೋವಿಜ್ಞಾನಿ ವಿಲಿಯಂ ಜೇಮ್ಸ್ ನಮ್ಮ ಸಾಮಾನ್ಯ ತಿಳಿವನ್ನು ತಲೆಕೆಳಗು ಮಾಡಿದರು. ದುಃಖವಾದ್ದರಿಂದ ಅಳುತ್ತೇವೆ ಎಂಬುದು ತಪ್ಪು. ಅಳು ಮೊದಲು ಬರುತ್ತದೆ, ದೇಹದಲ್ಲಾದ ಆ ಏರುಪೇರನ್ನು ಮಿದುಳು ಗ್ರಹಿಸುವುದನ್ನೇ ನಾವು ದುಃಖವೆಂದು ಕರೆಯುತ್ತೇವೆ ಎಂಬುದು ಅವರ ವಾದ. ಮರುವರ್ಷ ಡೆನ್ಮಾರ್ಕಿನ ಕಾರ್ಲ್ ಲಾಂಗೆ ಹೆಚ್ಚುಕಡಿಮೆ ಅದನ್ನೇ ಹೇಳಿದರು. ಅಮೆರಿಕದ ಶರೀರಕ್ರಿಯಾಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ 1927ರಲ್ಲಿ ಇದನ್ನು ಬಲವಾಗಿ ಖಂಡಿಸಿದರು: ಒಳಾಂಗಗಳ ಬದಲಾವಣೆ ಬಹಳ ನಿಧಾನ, ಭಾವನೆ ಅದಕ್ಕಿಂತ ಬೇಗ ಬರುತ್ತದೆ, ಸಿಟ್ಟಿನಲ್ಲೂ ಭಯದಲ್ಲೂ ಎದೆ ಒಂದೇ ರೀತಿ ಬಡಿಯುತ್ತದೆ, ಎಂದಮೇಲೆ ಎದೆಬಡಿತದಿಂದಲೇ ಅವುಗಳ ವ್ಯತ್ಯಾಸ ತಿಳಿಯುವುದು ಹೇಗೆ? ಮಿದುಳ ತೊಗಟೆಯನ್ನು ತೆಗೆದ ಬೆಕ್ಕುಗಳು ಸಣ್ಣ ಸ್ಪರ್ಶಕ್ಕೂ ಬೆನ್ನು ಬಿಲ್ಲಾಗಿಸಿ, ಕೂದಲು ನಿಗುರಿಸಿ, ಉಗುರು ಚಾಚುತ್ತಿದ್ದುದನ್ನು ಕ್ಯಾನನ್ ಮತ್ತು ಅವರ ಶಿಷ್ಯ ಫಿಲಿಪ್ ಬಾರ್ಡ್ ತೋರಿಸಿದರು, ಮತ್ತು ಆ ಕೋಪದ ವರ್ತನೆಗೆ ಮಿದುಳಿನ ತಳದಲ್ಲಿರುವ ಹೈಪೋಥಲಾಮಸ್ ಎಂಬ ಚಿಕ್ಕ ಭಾಗದ ಹಿಂಬದಿ ಅಗತ್ಯವೆಂದು ಬಾರ್ಡ್ ಕಂಡುಕೊಂಡರು. ಕಡಿವಾಣ ಕಳಚಿದ ಆ ಬೆಕ್ಕುಗಳ ಕೋಪಕ್ಕೂ ಇಬ್ಬನಿ ಅವರ ತಂದೆಯವರ ಅಳುವಿಗೂ ಇರುವ ಹೋಲಿಕೆ ಸ್ಪಷ್ಟ.

ನಿಮ್ಮ ತಂದೆಯವರ ಅನುಭವ ಜೇಮ್ಸ್‌ಗೆ ವಿರುದ್ಧವಾದ ಸಾಕ್ಷ್ಯವೆಂದು ತೋರಬಹುದು: ಅಳು ಬಂದಿದೆ, ದುಃಖ ಹಿಂಬಾಲಿಸಿಲ್ಲ. ಆದರೆ ದೇಹವನ್ನು ಈ ಕಥೆಯಿಂದ ಪೂರ್ತಿ ಹೊರಗೆ ಕಳುಹಿಸಲು ನಾನು ಸಿದ್ಧನಿಲ್ಲ. ಹೃದಯ, ಶ್ವಾಸಕೋಶ, ಕರುಳುಗಳನ್ನು ಮಿದುಳಿಗೆ ಜೋಡಿಸುವ ವೇಗಸ್ ನರದಲ್ಲಿ ಸುಮಾರು 80 ಪ್ರತಿಶತ ತಂತುಗಳು ಮಿದುಳಿನಿಂದ ಕೆಳಗೆ ಆಜ್ಞೆ ಒಯ್ಯುವಂಥವಲ್ಲ, ದೇಹದಿಂದ ಮೇಲಕ್ಕೆ ಸುದ್ದಿ ತರುವಂಥವು. ಆ ಸುದ್ದಿ ತಲಪುವ ಮುಖ್ಯ ತಾಣಗಳಲ್ಲೊಂದು ಕಿವಿಯ ಮೇಲ್ಭಾಗದ ನೇರಕ್ಕೆ, ಮಿದುಳ ತೊಗಟೆಯ ಒಳಮಡಿಕೆಯಲ್ಲಿ ಅಡಗಿರುವ ಇನ್ಸುಲಾ. ಹೊಟ್ಟೆಯಲ್ಲಿ ಸಂಕಟವಾಯಿತು, ಎದೆ ಭಾರವಾಯಿತು, ಕರುಳು ಚುರುಕ್ಕೆಂದಿತು ಎಂದು ಭಾವನೆಯನ್ನು ಒಳಾಂಗಗಳ ಮಾತಿನಲ್ಲಿ ಹೇಳುವಾಗ ನಾವು ಬರಿಯ ಅಲಂಕಾರವನ್ನು ಬಳಸುತ್ತಿಲ್ಲ.

ಬೆನ್ನುಹುರಿಗೆ ಪೆಟ್ಟಾಗಿ ದೇಹದ ಸುದ್ದಿಯ ದೊಡ್ಡ ಪಾಲು ನಿಂತುಹೋದವರಲ್ಲಿ ಏನಾಗುತ್ತದೆ? 1966ರಲ್ಲಿ ಜಾರ್ಜ್ ಹೋಮನ್ ಅಂಥ 25 ಪುರುಷರನ್ನು ಸಂದರ್ಶಿಸಿದಾಗ, ಪೆಟ್ಟು ಎಷ್ಟು ಮೇಲಿತ್ತೋ ಅಷ್ಟೂ ಕೋಪ ಮತ್ತು ಭಯ ಸಪ್ಪೆಯಾದಂತೆ ಅವರು ಹೇಳಿದರು. ಗಂಟಲುಬ್ಬಿ ಕಣ್ತುಂಬುವ ಭಾವ ಮಾತ್ರ ಹೆಚ್ಚಿತ್ತು. ನಂತರದ ಅಧ್ಯಯನಗಳು ಇದನ್ನು ಅಷ್ಟಾಗಿ ಬೆಂಬಲಿಸಲಿಲ್ಲ, ಹಲವರ ಭಾವನೆಗಳು ಮೊದಲಿನಷ್ಟೇ ತೀವ್ರವಾಗಿದ್ದವು. ಜೇಮ್ಸ್ ಪೂರ್ತಿ ಸರಿಯಲ್ಲ, ಕ್ಯಾನನ್ ಕೂಡ ಅಲ್ಲ ಎಂಬಲ್ಲಿಗೆ ನಾನು ಬಂದಿದ್ದೇನೆ. ದೇಹದ ಸುದ್ದಿ ಭಾವನೆಗೆ ಬಣ್ಣ ಮತ್ತು ಬಲ ಕೊಡುತ್ತದೆ; ಆ ಬಣ್ಣಕ್ಕೆ ಹೆಸರಿಡುವುದು, ಇದು ಯಾವುದರ ಕುರಿತಾದ ಭಾವನೆಯೆಂದು ನಿರ್ಧರಿಸುವುದು ನೆನಪು ಮತ್ತು ಸಂದರ್ಭ. ತಂದೆಯವರಿಗೆ ಅಳುವಿನ ಸುದ್ದಿ ಬಂದರೂ ಅದಕ್ಕೆ ತಕ್ಕ ಸಂದರ್ಭ ಸಿಗುವುದಿಲ್ಲ, ಆದ್ದರಿಂದ ಅವರ ಮಿದುಳು ಅದನ್ನು ದುಃಖವೆಂದು ಒಪ್ಪಿಕೊಳ್ಳುವುದಿಲ್ಲ. ವಿದ್ಯುತ್ ಸ್ಪರ್ಶಕ್ಕೆ ನಕ್ಕ ಆ ಹುಡುಗಿಯಾದರೋ ಎದುರಿಗಿದ್ದವರಲ್ಲೇ ಸಂದರ್ಭವನ್ನು ಹುಡುಕಿಕೊಂಡಳು.

ಇನ್ನೊಂದು ವಿಷಯ. ಭಯದ ಕೇಂದ್ರ ಅಮಿಗ್ಡಲ, ಸಂತೋಷದ ಕೇಂದ್ರ ಇನ್ನೊಂದು ಎಂದು ಮಿದುಳನ್ನು ಕೋಣೆಗಳಾಗಿ ಹಂಚುವ ಬರಹಗಳನ್ನು ಎಲ್ಲೆಡೆ ಓದುತ್ತೇವೆ, ಮತ್ತು ಅದು ನನಗೆ ಬೇಸರ ತರುತ್ತದೆ. ಎಸ್.ಎಂ. ಎಂಬ ಅಕ್ಷರಗಳಿಂದ ವೈದ್ಯ ಸಾಹಿತ್ಯದಲ್ಲಿ ಗುರುತಿಸಲಾಗುವ ಮಹಿಳೆಯೊಬ್ಬರಿಗೆ ಒಂದು ಅಪರೂಪದ ಆನುವಂಶಿಕ ಕಾಯಿಲೆಯಿಂದ ಎರಡೂ ಬದಿಯ ಅಮಿಗ್ಡಲ ನಾಶವಾಗಿದೆ. ಬಾದಾಮಿಯಾಕಾರದ ಆ ಚಿಕ್ಕ ಗಂಟುಗಳಿಲ್ಲದೆ ಆಕೆ ಹಾವು, ಜೇಡಗಳಿಗೆ ಹೆದರುವುದಿಲ್ಲ, ಇತರರ ಮುಖದಲ್ಲಿರುವ ಭಯವನ್ನೂ ಸರಿಯಾಗಿ ಗುರುತಿಸಲಾರರು. ಇಷ್ಟಕ್ಕೇ ನಿಂತರೆ ಅಮಿಗ್ಡಲವೇ ಭಯದ ಮನೆ ಎನ್ನಬಹುದಿತ್ತು. ಆದರೆ 2013ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಆಕೆಗೆ 35 ಪ್ರತಿಶತ ಇಂಗಾಲದ ಡೈಆಕ್ಸೈಡ್ ಬೆರೆತ ಗಾಳಿಯನ್ನು ಒಮ್ಮೆ ಉಸಿರಾಡಲು ಕೊಟ್ಟಾಗ, ಆಕೆ ಉಸಿರುಗಟ್ಟಿದವರಂತೆ ತೀವ್ರ ದಿಗಿಲಿಗೆ ಒಳಗಾದರು. ಅದೇ ಕಾಯಿಲೆಯ ಅವಳಿ ಸೋದರಿಯರಿಬ್ಬರಲ್ಲಿಯೂ ಹಾಗೆಯೇ ಆಯಿತು. ಹೊರಗಿನ ಅಪಾಯವನ್ನು ಕಂಡು ಬರುವ ಭಯಕ್ಕೆ ಅಮಿಗ್ಡಲ ಬೇಕು, ದೇಹದೊಳಗಿಂದಲೇ ಏಳುವ ದಿಗಿಲಿಗೆ ಬೇರೆ ದಾರಿಯಿದೆ. ನಾವು ಒಂದೇ ಹೆಸರಿನಿಂದ ಕರೆಯುವ ಭಾವನೆಯನ್ನು ಮಿದುಳು ಒಂದೇ ರೀತಿಯಲ್ಲಿ ಕಟ್ಟಬೇಕೆಂದಿಲ್ಲ.

ಮರುಪ್ರಶ್ನೆ | ಬರೆದವರು: ಇಬ್ಬನಿ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ನಿಮ್ಮ ಉತ್ತರಗಳನ್ನು ನಿನ್ನೆ ರಾತ್ರಿ ಅಪ್ಪನಿಗೂ ಅಮ್ಮನಿಗೂ ಓದಿ ಹೇಳಿದೆ. ಓದುವಾಗಲೂ ಅಪ್ಪನಿಗೆ ಒಮ್ಮೆ ಅಳು ಬಂತು. ನಾನು ನಿಲ್ಲಿಸದೆ ಓದಿದೆ, ಬೇಗ ತಣಿಯಿತು. ಎಲ್ಲ ಕೇಳಿದ ಮೇಲೆ ಅವರು ಒಂದು ಮಾತು ಹೇಳಿದರು. ಮಧ್ಯರಾತ್ರಿ ಎಚ್ಚರವಾದಾಗ, ತೀರಿಕೊಂಡ ತಮ್ಮ ಅಣ್ಣ ನೆನಪಾಗಿ ನಿಜವಾಗಿಯೂ ದುಃಖವಾಗುತ್ತದಂತೆ, ಆದರೆ ಆ ಹೊತ್ತಿನಲ್ಲಿ ಒಂದು ಹನಿ ಕಣ್ಣೀರೂ ಬರುವುದಿಲ್ಲವಂತೆ. "ಅಳು ಬರುವಾಗ ದುಃಖವಿಲ್ಲ, ದುಃಖವಿರುವಾಗ ಅಳು ಇಲ್ಲ" ಎಂದರು. ಅಮ್ಮ ಬಹಳ ಹೊತ್ತು ಸುಮ್ಮನಿದ್ದರು.

ಇನ್ನೊಂದು ಸಂಶಯ ಉಳಿದಿದೆ. ದುಃಖವೆಂದರೆ ಸೆರೊಟೋನಿನ್ ಕಡಿಮೆಯಾಗುವುದು, ಸಂತೋಷವೆಂದರೆ ಡೋಪಮಿನ್ ಹೆಚ್ಚಾಗುವುದು ಎಂದು ಎಷ್ಟೋ ಕಡೆ ಓದಿದ್ದೇನೆ. ಅಪ್ಪನಿಗೆ ಮಾತ್ರೆ ಕೊಟ್ಟರೆ ಅಳುವಿನೊಂದಿಗೆ ಅಣ್ಣನ ಮೇಲಿನ ಆ ದುಃಖವೂ ಅಳಿಸಿಹೋಗುತ್ತದೆಯೇ? ಅವರಿಗೆ ಆ ಅಂಜಿಕೆಯಿದೆ.

ಉತ್ತರ 4 | ಬರೆದವರು: ನರತಂತು

ಮರುಓದು ಅವರ ಆಕ್ಷೇಪವನ್ನು ಒಪ್ಪುತ್ತೇನೆ. ಕಲಿಸುವ ಅನುಕೂಲಕ್ಕಾಗಿ ಮೂರು ಭಾಗ ಮಾಡಿದ್ದನ್ನು ನಾನು ಬೇಕಾದುದಕ್ಕಿಂತ ಗಟ್ಟಿಯಾಗಿ ಹೇಳಿದೆ. ತಂದೆಯವರು ಹೇಳಿದ ಮಾತನ್ನು ಅವರು ಅನುಮತಿಸಿದರೆ ನನ್ನ ತರಗತಿಯಲ್ಲಿ, ಅವರ ಗುರುತು ಹೇಳದೆ, ಬಳಸಬಯಸುತ್ತೇನೆ. ಎರಡು ದಾರಿಗಳು ಬೇರೆಯೆಂಬುದನ್ನು ಇಷ್ಟು ಚಿಕ್ಕದಾಗಿ ನಾನು ಎಂದೂ ಹೇಳಿಲ್ಲ.

ಈಗ ಸೆರೊಟೋನಿನ್, ಡೋಪಮಿನ್‌ಗಳಂತೆ ನರಕೋಶಗಳ ನಡುವೆ ಸಂದೇಶ ಒಯ್ಯುವ ರಾಸಾಯನಿಕಗಳ ವಿಷಯ. ಒಂದು ರಾಸಾಯನಿಕಕ್ಕೆ ಒಂದು ಭಾವನೆ ಎಂಬ ಲೆಕ್ಕ ತಪ್ಪು. ದೇಹದ ಸೆರೊಟೋನಿನ್‌ನಲ್ಲಿ ಸುಮಾರು 90 ಪ್ರತಿಶತ ಕರುಳಿನಲ್ಲಿದೆ, ಅದು ರಕ್ತದಿಂದ ಮಿದುಳಿನೊಳಗೆ ದಾಟಲಾರದು. ಮಿದುಳು ತನಗೆ ಬೇಕಾದುದನ್ನು ತಾನೇ ತಯಾರಿಸಿಕೊಳ್ಳುತ್ತದೆ. ಅಲ್ಲಿ ಅದು ನಿದ್ರೆ, ಹಸಿವು, ನೋವು, ಉಸಿರಾಟ, ಚಲನೆ ಹೀಗೆ ಎಷ್ಟೋ ಕೆಲಸಗಳಲ್ಲಿ ಕೈಯಾಡಿಸುತ್ತದೆ. ಸೆರೊಟೋನಿನ್ ಹೆಚ್ಚಿಸುವ ಮಾತ್ರೆ ನರಕೋಶಗಳ ನಡುವಿನ ಸಂಧಿಯಲ್ಲಿ ಅದರ ಪ್ರಮಾಣವನ್ನು ಕೆಲವೇ ಗಂಟೆಗಳಲ್ಲಿ ಬದಲಿಸುತ್ತದೆ, ಆದರೆ ಖಿನ್ನತೆ ತಗ್ಗಲು ವಾರಗಳು ಬೇಕು. ಕೊರತೆ ತುಂಬಿದೊಡನೆ ದುಃಖ ನಿಲ್ಲುವಂತಿದ್ದರೆ ಈ ಅಂತರ ಇರುತ್ತಿರಲಿಲ್ಲ. ಆ ವಾರಗಳಲ್ಲಿ ನರಜಾಲಗಳು ನಿಧಾನವಾಗಿ ಹೊಂದಿಕೊಳ್ಳುತ್ತಿರುತ್ತವೆ. ಕಡಿವಾಣ ತಪ್ಪಿದ ಅಳುವಿನಲ್ಲಾದರೋ ಅದೇ ಮಾತ್ರೆ ಹಲವರಿಗೆ ಕಡಿಮೆ ಪ್ರಮಾಣದಲ್ಲಿ, ಕೆಲವೇ ದಿನಗಳಲ್ಲಿ ಫಲ ಕೊಡುತ್ತದೆ. ಒಂದೇ ಔಷಧ ಎರಡು ತೊಂದರೆಗಳಲ್ಲಿ ಎರಡು ವೇಗದಲ್ಲಿ ಕೆಲಸ ಮಾಡುವುದೇ, ಅವೆರಡರ ಹಿಂದಿರುವ ಜಾಲಗಳು ಬೇರೆಯೆಂಬುದಕ್ಕೆ ಒಂದು ಸುಳಿವು.

ಡೋಪಮಿನ್ ಕೂಡ ಸಂತೋಷದ ರಸವಲ್ಲ. 1990ರ ದಶಕದಲ್ಲಿ ನರವಿಜ್ಞಾನಿ ವೋಲ್ಫ್ರಾಮ್ ಷುಲ್ಟ್ಸ್ ಕೋತಿಗಳಲ್ಲಿ ನಡೆಸಿದ ಪ್ರಯೋಗಗಳಲ್ಲಿ ಡೋಪಮಿನ್ ನರಕೋಶಗಳು ಅನಿರೀಕ್ಷಿತವಾಗಿ ಹಣ್ಣಿನ ರಸ ಸಿಕ್ಕಾಗ ಚುರುಕಾದವು. ಮುನ್ಸೂಚನೆಯಾಗಿ ಒಂದು ದೀಪವೋ ಶಬ್ದವೋ ಬರುತ್ತದೆಂದು ಕೋತಿ ಕಲಿತ ಮೇಲೆ ಆ ಮುನ್ಸೂಚನೆಗೇ ಚುರುಕಾದವು, ರಸ ಸಿಕ್ಕಾಗ ಸುಮ್ಮನಿದ್ದವು; ನಿರೀಕ್ಷಿಸಿದ ರಸ ಬಾರದಿದ್ದಾಗ ಮಂಕಾದವು. ಅವು ಅಳೆಯುತ್ತಿದ್ದುದು ಸುಖವನ್ನಲ್ಲ, ನಿರೀಕ್ಷೆಗೂ ದೊರೆತದ್ದಕ್ಕೂ ಇರುವ ಅಂತರವನ್ನು. ಬೇಕು ಎನ್ನಿಸುವುದಕ್ಕೂ ಹಿತವೆನ್ನಿಸುವುದಕ್ಕೂ ಮಿದುಳಿನಲ್ಲಿ ಬೇರೆ ಬೇರೆ ವ್ಯವಸ್ಥೆಗಳಿವೆಯೆಂದು ಇನ್ನೊಬ್ಬ ನರವಿಜ್ಞಾನಿ ಕೆಂಟ್ ಬೆರಿಡ್ಜ್ ತೋರಿಸಿದ್ದಾರೆ.

ನೀವು ಕುಸಿದುಬಿದ್ದ ತಂದೆಯವರನ್ನು ಕಂಡ ಬೆಳಿಗ್ಗೆಯ ಬಗ್ಗೆ ಕೇಳಿದ್ದಿರಿ. ಆ ಕ್ಷಣದಲ್ಲಿ ನಿಮಗೆ ಅರ್ಥವಾಗುವ ಮೊದಲೇ, ದೇಹವನ್ನು ತುರ್ತಿಗೆ ಸಜ್ಜುಗೊಳಿಸುವ ಸಿಂಪಥೆಟಿಕ್ ನರವ್ಯೂಹ ಎದೆಬಡಿತವನ್ನು ಏರಿಸಿರುತ್ತದೆ, ಸೆಕೆಂಡುಗಳಲ್ಲಿ ಅಡ್ರಿನಲಿನ್ ರಕ್ತಕ್ಕೆ ಸೇರಿರುತ್ತದೆ. ಹೈಪೋಥಲಾಮಸ್, ಪಿಟ್ಯುಟರಿ, ಅಡ್ರಿನಲ್ ಗ್ರಂಥಿಗಳ ಸರಪಳಿಯಿಂದ ಹೊರಡುವ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನು ಮಾತ್ರ ನಿಧಾನ. ಅದು ರಕ್ತದಲ್ಲಿ ಶಿಖರ ಮುಟ್ಟಲು ಇಪ್ಪತ್ತು ಮೂವತ್ತು ನಿಮಿಷ ಬೇಕು. ಓಡಾಟ ಮುಗಿದು, ಆಸ್ಪತ್ರೆಯಲ್ಲಿ ಕುಳಿತ ಮೇಲೆಯೇ ಕೈಕಾಲು ಸೋತು ನಡುಗಿದ್ದು ನಿಮಗೆ ನೆನಪಿರಬಹುದು. ಅಂಥ ಹೊತ್ತಿನ ನೆನಪುಗಳನ್ನು ಅಮಿಗ್ಡಲ ಮತ್ತು ಈ ಹಾರ್ಮೋನುಗಳು ಸೇರಿ ಆಳವಾಗಿ ಕೂರಿಸುತ್ತವೆ, ಆದ್ದರಿಂದ ಆ ಬೆಳಿಗ್ಗೆಯ ಬೆಳಕು, ನೆಲದ ತಂಪು ಮುಂತಾದ ಸಣ್ಣ ವಿವರಗಳು ವರ್ಷಗಟ್ಟಲೆ ಮಾಸದೆ ಉಳಿಯುವುದುಂಟು. ಇವೆಲ್ಲವೂ ನರಗಳ ಚಟುವಟಿಕೆಯೇ ಹೌದು. 'ಕೇವಲ' ಎಂಬ ಪದವನ್ನು ಮಾತ್ರ ನಾನು ಬಳಸಲಾರೆ. ಆ ಬೆಳಿಗ್ಗೆ ಬೇರೊಬ್ಬರು ಕುಸಿದಿದ್ದರೆ ಅದೇ ನರವ್ಯೂಹ ಬೇರೆ ರೀತಿಯಲ್ಲಿ ವರ್ತಿಸುತ್ತಿತ್ತು. ಬಿದ್ದವರು ನಿಮ್ಮ ತಂದೆಯೆಂಬುದನ್ನು ಅಷ್ಟು ವರ್ಷಗಳ ಒಡನಾಟದಿಂದ ಅದು ಕಲಿತಿತ್ತು.

ಮಾತ್ರೆಯ ಬಗೆಗಿನ ಅವರ ಅಂಜಿಕೆಯನ್ನು ತಜ್ಞರ ಮುಂದೆ ಅವರೇ ಹೇಳಲಿ. ಈ ಚಿಕಿತ್ಸೆಯ ಗುರಿ ಅಳುವಿನ ಆವೇಗಗಳ ಸಂಖ್ಯೆ ಮತ್ತು ತೀವ್ರತೆಯನ್ನು ಇಳಿಸುವುದು. ಅಣ್ಣನ ನೆನಪನ್ನೂ ಅದರ ನೋವನ್ನೂ ಅಳಿಸುವ ಮಾತ್ರೆ ಅದಲ್ಲ. ಕೆಲವರಿಗೆ ಇಂಥ ಔಷಧಗಳಿಂದ ಭಾವನೆಗಳು ಒಟ್ಟಾರೆ ಮಂದವಾದಂತೆ ಅನ್ನಿಸುವುದುಂಟೆಂಬುದು ನಿಜ. ಹಾಗೇನಾದರೂ ಆದರೆ ಮಾತ್ರೆಯನ್ನು ತಾವಾಗಿ ನಿಲ್ಲಿಸದೆ ವೈದ್ಯರಿಗೆ ತಿಳಿಸಿದರೆ ಪ್ರಮಾಣವನ್ನೋ ಔಷಧವನ್ನೋ ಬದಲಿಸುತ್ತಾರೆ.

ಉತ್ತರ 5 | ಬರೆದವರು: ಆರೈಕೆ

ಭೇಟಿಗೆ ಹೋಗುವ ಮೊದಲು ಒಂದು ವಾರ ಸಣ್ಣ ಟಿಪ್ಪಣಿ ಇಡಿ: ಅಳು ಯಾವಾಗ ಬಂತು, ಎಷ್ಟು ಹೊತ್ತು ಇತ್ತು, ಅದಕ್ಕೆ ಮುಂಚೆ ಏನಾಯಿತು, ಆಗ ಒಳಗೆ ಏನನ್ನಿಸುತ್ತಿತ್ತು. ಕೊನೆಯದನ್ನು ಅಪ್ಪ ಅವರನ್ನೇ ಕೇಳಿ ಬರೆಯಿರಿ, ನೀವು ಊಹಿಸಬೇಡಿ. ಸಾಧ್ಯವಾದರೆ, ಅವರ ಒಪ್ಪಿಗೆ ಪಡೆದು, ಒಂದು ಸಲದ ಅಳುವನ್ನು ಮೊಬೈಲಿನಲ್ಲಿ ಚಿತ್ರೀಕರಿಸಿಕೊಳ್ಳಿ. ಪರೀಕ್ಷಿಸುವ ಕೋಣೆಯಲ್ಲಿ ಆ ಹತ್ತು ನಿಮಿಷ ಅಳು ಬಾರದೇ ಇರುವುದುಂಟು, ಆಗ ವಿವರಣೆಯೊಂದೇ ಸಾಲದಾಗುತ್ತದೆ.

ಮರುಪ್ರತಿಕ್ರಿಯೆ | ಬರೆದವರು: ಇಬ್ಬನಿ

ಟಿಪ್ಪಣಿ ಇಂದಿನಿಂದಲೇ ಆರಂಭವಾಗಿದೆ, ಒಳಗೆ ಏನನ್ನಿಸುತ್ತಿತ್ತು ಎಂಬ ಅಂಕಣವನ್ನು ಅಪ್ಪ ಎಡಗೈಯಿಂದ ತಾವೇ ಬರೆಯುತ್ತಿದ್ದಾರೆ. ತರಗತಿಯಲ್ಲಿ ತಮ್ಮ ಮಾತನ್ನು ಬಳಸಲು ಸಂತೋಷದಿಂದ ಒಪ್ಪಿದ್ದಾರೆ. ಬೆಳಿಗ್ಗೆ ಅವರ ಹಳೆಯ ಸಹೋದ್ಯೋಗಿಯೊಬ್ಬರು ಬಂದಿದ್ದರು. ಅಳು ಬರುವ ಮೊದಲೇ ಅಪ್ಪ ಅವರಿಗೆ ಹೇಳಿದರು: "ಈಗ ನಾನು ಅಳಬಹುದು, ನೀವು ಗಮನ ಕೊಡಬೇಡಿ, ಮಾತು ಮುಂದುವರಿಸಿ." ಅಳು ಬಂತು. ಅವರು ಮಾತು ಮುಂದುವರಿಸಿದರು, ಮಧ್ಯಾಹ್ನದವರೆಗೂ ಕುಳಿತಿದ್ದರು.